ಭಾಸ್ಕರಾಚಾರ್ಯರು ಮತ್ತು ಅಪವರ್ತನದ ಲೆಕ್ಕ

ಪ್ರೌಢಶಾಲೆಯ ಗಣಿತ ಪಠ್ಯದಲ್ಲಿ ಮ.ಸಾ.ಅ. ಎಂಬ ಮೂರು ಅಕ್ಷರಗಳನ್ನು ಕಂಡೊಡನೆ ಬಹುಮಂದಿ ಬಾಲಕ ಬಾಲಕಿಯರ ಮುಖ ಬಾಡುತ್ತದೆ. ಮಹತ್ತಮ ಸಾಧಾರಣ ಅಪವರ್ತನ ಎಂಬುದು ಅದರ ಪೂರ್ಣರೂಪ. ಎರಡು ಪೂರ್ಣಸಂಖ್ಯೆಗಳನ್ನು ಶೇಷವಿಲ್ಲದಂತೆ ಭಾಗಿಸಬಲ್ಲ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದೇ ಮ.ಸಾ.ಅ. ಈ ದೀರ್ಘಪದಗಳನ್ನು ಯಾರೋ ಪಂಡಿತರು ಇತ್ತೀಚೆಗೆ ಆಂಗ್ಲ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕಟ್ಟಿದರೆಂದು ವಿದ್ಯಾರ್ಥಿಗಳು ಭಾವಿಸುವುದು ಸಹಜ. ಆದರೆ ಅಪವರ್ತನವೆಂಬ ಮಾತು ಅಂಥ ಹೊಸ ಮಾತಲ್ಲ. ಎಂಟುನೂರ ಎಪ್ಪತ್ತು ವರ್ಷಗಳಿಗೂ ಹಿಂದೆ ಸಹ್ಯಾದ್ರಿಯ ಸಮೀಪದಲ್ಲಿ ಕುಳಿತು ಒಬ್ಬ ಮಹಾಗಣಿತಜ್ಞರು ಈ ಪದವನ್ನೇ, ಇದೇ ಅರ್ಥದಲ್ಲಿಯೇ, ತಮ್ಮ ಗ್ರಂಥದಲ್ಲಿ ಬಳಸಿದ್ದಾರೆ. ಅಪವರ್ತನವನ್ನು ಕಂಡುಹಿಡಿಯುವ ಕ್ರಮವನ್ನೂ ಅಲ್ಲಿಯೇ ಹೇಳಿದ್ದಾರೆ. ಅವರೇ ಭಾಸ್ಕರಾಚಾರ್ಯರು. ಅವರ ಜೀವನವನ್ನು ತಿಳಿಯಲು ಇರುವ ಸಾಮಗ್ರಿ ಸ್ವಲ್ಪವೇ ಆದರೂ, ಆ ಸ್ವಲ್ಪದಲ್ಲಿಯೇ ಒಂದು ಮಠದ ಕಥೆಯೂ ಅಡಗಿರುವುದರಿಂದ, ಮಠದ ಆಶ್ರಯದಲ್ಲಿ ನಡೆಯುವ ನಮ್ಮ ವಿದ್ಯಾಸಂಸ್ಥೆಯ ಈ ಸಂಚಿಕೆಯಲ್ಲಿ ಅವರನ್ನು ಸ್ಮರಿಸುವುದು ಉಚಿತವೆಂದು ತೋರಿತು.

ಪ್ರಾಚೀನ ಭಾರತದ ವಿದ್ವಾಂಸರು ತಮ್ಮ ವಿಷಯವನ್ನು ತಾವೇ ಹೇಳಿಕೊಳ್ಳುವುದು ಅಪರೂಪ. ಭಾಸ್ಕರಾಚಾರ್ಯರು ಈ ವಿಷಯದಲ್ಲಿ ನಮ್ಮ ಮೇಲೆ ಉಪಕಾರ ಮಾಡಿದ್ದಾರೆ. ತಾವು ಹುಟ್ಟಿದ ವರ್ಷವನ್ನೂ ಗ್ರಂಥ ರಚಿಸಿದಾಗಿನ ವಯಸ್ಸನ್ನೂ ಭೂತಸಂಖ್ಯೆಯ ಸಂಕೇತದಲ್ಲಿ ಪದ್ಯದೊಳಗೆ ಸೇರಿಸಿಟ್ಟಿದ್ದಾರೆ. ಅದರಂತೆ ಅವರ ಜನನ ಶಾಲಿವಾಹನ ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ, ಸಿದ್ಧಾಂತಶಿರೋಮಣಿ ರಚಿತವಾದದ್ದು ಅವರ ಮೂವತ್ತಾರನೆಯ ವಯಸ್ಸಿನಲ್ಲಿ, 1150ರಲ್ಲಿ. ಶಾಂಡಿಲ್ಯಗೋತ್ರದ ಮಹೇಶ್ವರರು ತಂದೆ. ಅವರೇ ಗುರುಗಳೂ ಹೌದು. ಮನೆಯೇ ಪಾಠಶಾಲೆಯಾಗಿದ್ದ ಕಾಲವದು. ತಂದೆಯ ಪಾದದ ಬಳಿ ಕುಳಿತು ಜ್ಯೋತಿಷವನ್ನು ಕಲಿತದ್ದನ್ನು ಭಾಸ್ಕರರು ಕೃತಜ್ಞತೆಯಿಂದ ನೆನೆದಿದ್ದಾರೆ. ಇದೇ ಹೆಸರಿನ ಇನ್ನೊಬ್ಬ ಗಣಿತಜ್ಞರು ಐದು ಶತಮಾನಗಳ ಹಿಂದೆ ಇದ್ದು, 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದರು. ಇಬ್ಬರನ್ನೂ ಒಬ್ಬರೆಂದು ತಿಳಿಯುವ ಪ್ರಮಾದ ಪುಸ್ತಕಗಳಲ್ಲಿಯೂ ನುಸುಳಿರುವುದುಂಟು, ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು.

ಅವರ ಊರು ವಿಜ್ಜಡವಿಡ. ಅದು ಸಹ್ಯಪರ್ವತದ ಸಮೀಪದಲ್ಲಿ ಇತ್ತೆಂದು ಅವರೇ ಹೇಳಿದ್ದಾರೆ. ಈ ಊರು ಯಾವುದೆಂಬ ವಾದ ಬಹುಕಾಲದಿಂದ ನಡೆದಿದೆ. ನಮ್ಮ ಕನ್ನಡನಾಡಿನ ಅನೇಕರು ಅದನ್ನು ಬಿಜಾಪುರ, ಎಂದರೆ ಇಂದಿನ ವಿಜಯಪುರವೆಂದು ಹೇಳುತ್ತ ಬಂದಿದ್ದಾರೆ. ಹೆಸರಿನ ಸಾಮ್ಯ ಹಾಗೆ ಹೇಳಿಸುತ್ತದೆ, ಅಭಿಮಾನವೂ ಹೇಳಿಸುತ್ತದೆ. ಆದರೆ ವಿಜಯಪುರದಿಂದ ಸಹ್ಯಾದ್ರಿ ದೂರ. ಭಾಸ್ಕರರ ವಂಶದವರ ಶಿಲಾಶಾಸನ ದೊರೆತದ್ದೋ ಮಹಾರಾಷ್ಟ್ರದ ಖಾನದೇಶದಲ್ಲಿ, ಚಾಳೀಸಗಾಂವದ ಬಳಿಯ ಪಾಟಣವೆಂಬ ಗ್ರಾಮದಲ್ಲಿ. ಮಹಾಪುರುಷನನ್ನು ನಮ್ಮವನೆಂದು ಹೇಳಿಕೊಳ್ಳುವ ಆಸೆ ದೋಷವಲ್ಲವಾದರೂ, ಗಣಿತಜ್ಞನ ವಿಷಯದಲ್ಲಿ ಪ್ರಮಾಣಕ್ಕಿಂತ ಆಸೆಯನ್ನು ದೊಡ್ಡದು ಮಾಡುವುದು ಸಲ್ಲದು. ಪ್ರಮಾಣವು ಪಾಟಣದ ಕಡೆಗೇ ಹೆಚ್ಚು ವಾಲುತ್ತದೆ. ಆ ಪ್ರದೇಶವನ್ನು ಕೆಲಕಾಲದ ಮೇಲೆ ಆಳಿದ ದೇವಗಿರಿಯ ಸೇವುಣರು ಕನ್ನಡದಲ್ಲಿಯೂ ಹೇರಳವಾಗಿ ಶಾಸನಗಳನ್ನು ಬರೆಯಿಸಿದವರೆಂಬುದನ್ನು ನೆನೆದರೆ ಭಾಸ್ಕರರು ನಮಗೆ ತೀರ ಹೊರಗಿನವರೂ ಆಗುವುದಿಲ್ಲ. ಕಾಲದ ದೃಷ್ಟಿಯಿಂದಂತೂ ಅವರು ನಮ್ಮ ಶರಣರ ಶತಮಾನದವರೇ. ಕಲ್ಯಾಣದಲ್ಲಿ ಅನುಭವಮಂಟಪ ಬೆಳಗಿದ ಆ ಹನ್ನೆರಡನೆಯ ಶತಮಾನದಲ್ಲಿಯೇ ಉತ್ತರದ ಖಾನದೇಶದಲ್ಲಿ ಭಾಸ್ಕರರ ಲೇಖನಿ ನಡೆದಿತ್ತು. ಇವರಿಗೂ ಅವರಿಗೂ ಸಂಪರ್ಕವಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ, ಸಮಕಾಲೀನರೆಂಬುದಷ್ಟೇ ನಿಜ.

ಸಿದ್ಧಾಂತಶಿರೋಮಣಿಯಲ್ಲಿ ನಾಲ್ಕು ಭಾಗಗಳಿವೆ: ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ಲೀಲಾವತಿಯಲ್ಲಿ ಅಂಕಗಣಿತ, ಕ್ಷೇತ್ರಗಣಿತ ಮೊದಲಾದವು. ದುಂಬಿಗಳ ಹಿಂಡು, ಕೊಳದ ಕಮಲ, ನವಿಲು ಮತ್ತು ಹಾವು, ಅರ್ಜುನನ ಬಾಣಗಳು ಇವೆಲ್ಲ ಅಲ್ಲಿ ಲೆಕ್ಕಗಳಾಗಿ ಬರುತ್ತವೆ. ಕಾವ್ಯವನ್ನು ಓದುವ ಸುಖದಲ್ಲಿಯೇ ಲೆಕ್ಕವೂ ತಲೆಗೆ ಹತ್ತುವ ಹಾಗೆ ಬರೆಯಬಲ್ಲವರು ಗಣಿತಜ್ಞರಲ್ಲಿ ಅತಿ ವಿರಳ. ಭಾಸ್ಕರರು ತಮ್ಮ ಹಿಂದಿನವರಿಗೆ ತಕ್ಕ ಗೌರವವನ್ನು ಸಲ್ಲಿಸಿದ್ದಾರೆ. ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭ ಇವರ ಬೀಜಗಣಿತಗಳು ಅತಿ ವಿಸ್ತಾರವಾದುದರಿಂದ ಅವುಗಳ ಸಾರವನ್ನು ತೆಗೆದಿಡುವುದಾಗಿ ತಿಳಿಸಿದ್ದಾರೆ. ಗಣಕಚಕ್ರಚೂಡಾಮಣಿ ಎಂಬ ಬಿರುದನ್ನು ನಮ್ಮ ಕೆಲವು ಭಾಷಣಕಾರರು ಭಾಸ್ಕರರಿಗೇ ತೊಡಿಸುತ್ತಾರೆ. ವಾಸ್ತವವಾಗಿ ಅದು ಭಾಸ್ಕರರು ಬ್ರಹ್ಮಗುಪ್ತರಿಗೆ ಸಲ್ಲಿಸಿದ ಗೌರವ.

ಲೀಲಾವತಿ ಎಂಬ ಹೆಸರಿನ ವಿಷಯದಲ್ಲಿ ಒಂದು ಕಥೆ ಮನೆಮಾತಾಗಿದೆ. ಭಾಸ್ಕರರಿಗೆ ಲೀಲಾವತಿಯೆಂಬ ಮಗಳಿದ್ದಳಂತೆ, ಆಕೆಗೆ ವೈಧವ್ಯಯೋಗವಿತ್ತಂತೆ, ಅದನ್ನು ತಪ್ಪಿಸಬಲ್ಲ ಒಂದೇ ಮುಹೂರ್ತವನ್ನು ತಂದೆ ಗಣಿಸಿ, ನೀರಿನ ಮೇಲೆ ಗಳಿಗೆಬಟ್ಟಲನ್ನು ತೇಲಬಿಟ್ಟರಂತೆ, ಬಗ್ಗಿ ನೋಡಿದ ಹುಡುಗಿಯ ಉಡುಪಿನಿಂದ ಮುತ್ತೊಂದು ಜಾರಿ ಬಟ್ಟಲಿನ ರಂಧ್ರವನ್ನು ಮುಚ್ಚಲು, ಗಳಿಗೆ ಮೀರಿಹೋಯಿತಂತೆ. ಮಗಳ ಹೆಸರಾದರೂ ಉಳಿಯಲೆಂದು ತಂದೆ ಈ ಗ್ರಂಥ ರಚಿಸಿದರೆಂದು ಕಥೆ ಮುಗಿಯುತ್ತದೆ. ಕಥೆ ಸುಂದರ. ಆದರೆ ಅದು ಕಾಣಿಸಿಕೊಳ್ಳುವುದು ಅಕ್ಬರನ ಆಜ್ಞೆಯಂತೆ 1587ರಲ್ಲಿ ಫೈಜಿ ಮಾಡಿದ ಪಾರಸಿ ಅನುವಾದದ ಪೀಠಿಕೆಯಲ್ಲಿ, ಎಂದರೆ ಗ್ರಂಥ ಹುಟ್ಟಿ ನಾಲ್ಕು ಶತಮಾನಗಳಿಗೂ ಮೇಲೆ. ವಂಶದ ಶಾಸನದಲ್ಲಿ ಮಗನ ಹೆಸರಿದೆ, ಮೊಮ್ಮಗನ ಹೆಸರಿದೆ, ಮಗಳ ಪ್ರಸ್ತಾಪವಿಲ್ಲ. ಮುಹೂರ್ತ ತಪ್ಪಿದ್ದರಿಂದ ಒಂದು ಹೆಣ್ಣಿನ ಬಾಳು ಹಾಳಾಯಿತೆಂಬುದು ಶರಣರ ಮಾತು ಕೇಳಿ ಬೆಳೆದ ನಮಗೆ ಒಪ್ಪಿಗೆಯಾಗುವಂಥದೂ ಅಲ್ಲ. ಇಷ್ಟು ಮಾತ್ರ ಗ್ರಂಥದಿಂದಲೇ ಸಿದ್ಧ: ಕೆಲವು ಲೆಕ್ಕಗಳನ್ನು ಭಾಸ್ಕರರು ಒಬ್ಬ ಬಾಲಿಕೆಯನ್ನು ಸಂಬೋಧಿಸಿ ಕೇಳಿದ್ದಾರೆ. ಮಗಳಾಗಿರಲಿ, ಶಿಷ್ಯೆಯಾಗಿರಲಿ, ಬರಿಯ ಕಲ್ಪನೆಯಾಗಿರಲಿ, ಕಠಿನವಾದ ಲೆಕ್ಕವನ್ನು ಹೆಣ್ಣುಮಗುವಿನ ಮುಂದಿಡಬಹುದೆಂದು ಅವರಿಗೆ ತೋರಿತು. ಆ ಕಥೆಯ ಕಣ್ಣೀರಿಗಿಂತ ಈ ಸಂಗತಿ ನಮ್ಮ ಬಾಲಕಿಯರಿಗೆ ಹೆಚ್ಚು ಬೆಲೆಯುಳ್ಳದ್ದು.

ಇನ್ನು ಅಪವರ್ತನದ ವಿಷಯ. ಲೀಲಾವತಿಯ ಉತ್ತರಾರ್ಧದಲ್ಲಿ ಕುಟ್ಟಕವೆಂಬ ಪ್ರಕರಣವಿದೆ. ಬೀಜಗಣಿತದಲ್ಲಿಯೂ ಅದೇ ಮತ್ತೆ ಬರುತ್ತದೆ. ಕುಟ್ಟು ಎಂಬ ಕ್ರಿಯಾಪದ ನಮಗೆ ಅಪರಿಚಿತವಲ್ಲ. ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟಿ ಕುಟ್ಟಿ ಕಾಳನ್ನು ನುಚ್ಚು ಮಾಡುವಂತೆ, ದೊಡ್ಡ ಸಂಖ್ಯೆಗಳನ್ನು ಭಾಗಿಸಿ ಭಾಗಿಸಿ ಸಣ್ಣವನ್ನಾಗಿ ಮಾಡುವ ಕ್ರಮವೇ ಕುಟ್ಟಕ. ಕೇಳುವ ಪ್ರಶ್ನೆ ಇಂಥದು: 221ನ್ನು ಯಾವ ಸಂಖ್ಯೆಯಿಂದ ಗುಣಿಸಿ, ಬಂದುದಕ್ಕೆ 65ನ್ನು ಕೂಡಿಸಿ, 195ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ? ಇಲ್ಲಿ 221 ಭಾಜ್ಯ, 195 ಹಾರ, 65 ಕ್ಷೇಪ. ಬೇಕಾದದ್ದು ಗುಣಕ ಮತ್ತು ಲಬ್ಧಿ. ಒಂದೊಂದೇ ಸಂಖ್ಯೆಯನ್ನು ಹಾಕಿ ನೋಡುತ್ತ ಹೋಗಬಹುದು. ಸಂಖ್ಯೆಗಳು ಚಿಕ್ಕವಾಗಿದ್ದರೆ ಉತ್ತರವೂ ಸಿಕ್ಕೀತು. ಶಾಸ್ತ್ರವೆನಿಸುವುದು ಅದಲ್ಲ.

ಮೊಟ್ಟಮೊದಲು ಮಾಡಬೇಕಾದ ಕೆಲಸ ಮೂರನ್ನೂ ಒಂದು ಸಾಧಾರಣ ಅಪವರ್ತನದಿಂದ ಭಾಗಿಸಿ ಚಿಕ್ಕದು ಮಾಡುವುದು. ಆ ಅಪವರ್ತನ ಯಾವುದು? ಭಾಜ್ಯಹಾರಗಳನ್ನು ಪರಸ್ಪರ ಭಾಗಿಸುತ್ತ ಹೋಗಬೇಕು. ಕಟ್ಟಕಡೆಗೆ ಉಳಿಯುವ ಶೇಷವೇ ಅಪವರ್ತನ. 221ನ್ನು 195ರಿಂದ ಭಾಗಿಸಿದರೆ ಶೇಷ 26. 195ನ್ನು 26ರಿಂದ ಭಾಗಿಸಿದರೆ ಏಳು ಸಲ ಹೋಗಿ ಶೇಷ 13. 26ನ್ನು 13ರಿಂದ ಭಾಗಿಸಿದರೆ ಶೇಷವಿಲ್ಲ. ಆದುದರಿಂದ 13 ಅಪವರ್ತನ.

ಏಕೆ ಹೀಗೆ ಎಂದು ಕೇಳುವ ವಿದ್ಯಾರ್ಥಿ ತರಗತಿಗೊಬ್ಬನಾದರೂ ಇರುತ್ತಾನೆ, ಇರಬೇಕು. ಅವನಿಗೆ ಒಂದು ಕೋಣೆಯ ದೃಷ್ಟಾಂತ ಸಾಕು. ಒಂದು ಕೋಣೆ 221 ಅಂಗುಲ ಉದ್ದ, 195 ಅಂಗುಲ ಅಗಲವಿದೆ ಎನ್ನೋಣ. ಅದಕ್ಕೆ ಚೌಕಾಕಾರದ ಶಹಾಬಾದಿನ ಫರಸಿಗಲ್ಲನ್ನು ಹಾಸಬೇಕು. ಎಲ್ಲ ಕಲ್ಲುಗಳೂ ಒಂದೇ ಅಳತೆಯವಾಗಿರಬೇಕು, ಒಂದನ್ನೂ ಒಡೆಯಬಾರದು, ಕಲ್ಲು ಆದಷ್ಟು ದೊಡ್ಡದಾಗಿರಬೇಕು. ಅಂಥ ಕಲ್ಲು ಉದ್ದವನ್ನೂ ಸರಿಯಾಗಿ ಅಳೆಯಬೇಕು, ಅಗಲವನ್ನೂ ಸರಿಯಾಗಿ ಅಳೆಯಬೇಕು. ಎರಡನ್ನೂ ಅಳೆಯುವುದು ಎರಡರ ಅಂತರವಾದ 26ನ್ನೂ ಅಳೆಯದೆ ಇರಲಾರದು. ಹಾಗೆಯೇ 195ನ್ನೂ 26ನ್ನೂ ಅಳೆಯುವಂಥದು 195ರಿಂದ 26ನ್ನು ಏಳು ಸಲ ಕಳೆದುಳಿದ 13ನ್ನೂ ಅಳೆಯುತ್ತದೆ. 13ನ್ನು ಅಳೆಯುವ ಕಲ್ಲು 13ಕ್ಕಿಂತ ದೊಡ್ಡದಾಗುವಂತಿಲ್ಲ. 13 ಅಂಗುಲದ ಕಲ್ಲೇ ಇಡೀ ಕೋಣೆಗೆ ಸರಿಹೋಗುತ್ತದೆಂಬುದನ್ನು ಕೆಳಗಿನಿಂದ ಮೇಲಕ್ಕೆ ಬಂದು ನೋಡಬಹುದು: 13 ಎಂಬುದು 26ನ್ನು ಅಳೆಯುತ್ತದೆ, ಆದುದರಿಂದ 195ನ್ನೂ, ಆದುದರಿಂದ 221ನ್ನೂ. ಉದ್ದಕ್ಕೆ 17 ಕಲ್ಲು, ಅಗಲಕ್ಕೆ 15 ಕಲ್ಲು, ಒಟ್ಟು 255.

ಶಾಲೆಯಲ್ಲಿ ನಾವು ಸಾಮಾನ್ಯವಾಗಿ ಕಲಿಸುವುದು ಬೇರೆ ಕ್ರಮ. ಎರಡು ಸಂಖ್ಯೆಗಳನ್ನೂ ಅವಿಭಾಜ್ಯ ಅಪವರ್ತನಗಳಾಗಿ ಒಡೆದು, ಎರಡರಲ್ಲಿಯೂ ಇರುವವನ್ನು ಆರಿಸಿ ಗುಣಿಸುವುದು. 221 ಎಂಬುದು 13 ಮತ್ತು 17ರ ಗುಣಲಬ್ಧವೆಂದು ಹೊಳೆಯುವುದಕ್ಕೇ ಎಷ್ಟೋ ಮಕ್ಕಳಿಗೆ ಹೊತ್ತು ಹಿಡಿಯುತ್ತದೆ. ಸಂಖ್ಯೆ ಹನ್ನೆರಡು ಅಂಕಗಳದಾದರೆ ದೊಡ್ಡವರೂ ಕೈಚೆಲ್ಲಬೇಕು. ಪರಸ್ಪರ ಭಾಗಾಹಾರಕ್ಕೆ ಯಾವ ಅವಿಭಾಜ್ಯವನ್ನೂ ತಿಳಿದಿರಬೇಕಾಗಿಲ್ಲ. ಭಾಗಾಕಾರ ಬಂದರೆ ಸಾಕು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಮೂಲೆಯ ಸ್ಥಾನ ಮಾತ್ರ ದೊರೆತಿರುವುದು ಏಕೋ ತಿಳಿಯದು.

ಈ ಕ್ರಮ ಭಾಸ್ಕರರೇ ಮೊದಲು ಕಂಡದ್ದಲ್ಲವೆಂಬುದನ್ನು ಹೇಳಲೇಬೇಕು. ಗ್ರೀಕ್ ದೇಶದ ಯೂಕ್ಲಿಡನು ಕ್ರಿಸ್ತಪೂರ್ವ 300ರ ಸುಮಾರಿಗೆ ತನ್ನ ಗ್ರಂಥದ ಏಳನೆಯ ಪುಸ್ತಕದ ಆರಂಭದಲ್ಲಿಯೇ ಇದನ್ನು ಸಾಧಿಸಿ ತೋರಿಸಿದ್ದಾನೆ. ನಮ್ಮಲ್ಲಿ ಆರ್ಯಭಟರು 499ರಲ್ಲಿ ಪರಸ್ಪರ ಭಾಗಾಹಾರದ ಮೇಲೆ ಕುಟ್ಟಕವನ್ನು ಕಟ್ಟಿದರು. ಬ್ರಹ್ಮಗುಪ್ತರು 628ರಲ್ಲಿ ತಮ್ಮ ಸಿದ್ಧಾಂತಗ್ರಂಥದ ಒಂದು ಅಧ್ಯಾಯಕ್ಕೆ ಕುಟ್ಟಕಾಧ್ಯಾಯವೆಂದೇ ಹೆಸರಿಟ್ಟರು. ನೃಪತುಂಗನ ಆಶ್ರಯದಲ್ಲಿ, ಒಂಬತ್ತನೆಯ ಶತಮಾನದ ನಮ್ಮ ರಾಷ್ಟ್ರಕೂಟ ನಾಡಿನಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಕುಟ್ಟೀಕಾರವನ್ನು ವಿಸ್ತರಿಸಿದರು. ಭಿನ್ನರಾಶಿಗಳನ್ನು ಕೂಡಿಸಲು ಬೇಕಾದ ಲಘುತ್ತಮ ಸಾಧಾರಣ ಅಪವರ್ತ್ಯವನ್ನು ನಿರುದ್ಧವೆಂಬ ಹೆಸರಿನಿಂದ ತಿಳಿಸಿದವರೂ ಅವರೇ. ಯೂಕ್ಲಿಡನು ಅಳತೆಯ ತತ್ತ್ವವನ್ನು ಸ್ಥಾಪಿಸಿ ಅಲ್ಲಿಗೆ ನಿಂತನು. ನಮ್ಮವರಿಗೆ ಬೇಕಾದದ್ದು ಮುಂದಿನ ಹೆಜ್ಜೆ. ಶೇಷಗಳನ್ನು ಬಿಟ್ಟು, ಭಾಗಲಬ್ಧಗಳನ್ನು ಅವರು ಜೋಪಾನವಾಗಿ ಎತ್ತಿಟ್ಟುಕೊಂಡರು. ಯೂಕ್ಲಿಡನ ಕ್ರಮದಲ್ಲಿ ಕಸವೆನಿಸಿ ಹೋಗುವ ಆ ಲಬ್ಧಗಳಲ್ಲಿಯೇ ಪ್ರಶ್ನೆಯ ಉತ್ತರ ಅಡಗಿದೆಯೆಂಬುದು ಭಾರತೀಯ ಗಣಕರ ಕಾಣ್ಕೆ.

ಭಾಸ್ಕರರ ಉದಾಹರಣೆಯನ್ನೇ ಮುಂದುವರಿಸೋಣ. 13ರಿಂದ ಭಾಗಿಸಿದ ಮೇಲೆ ಭಾಜ್ಯ 17, ಹಾರ 15, ಕ್ಷೇಪ 5. ಇನ್ನು ಭಾಜ್ಯಹಾರಗಳಿಗೆ ಒಂದರ ಹೊರತು ಬೇರೆ ಸಾಧಾರಣ ಅಪವರ್ತನವಿಲ್ಲ. ಇಂಥವುಗಳಿಗೆ ದೃಢವೆಂದು ಹೆಸರು. 17ನ್ನು 15ರಿಂದ ಭಾಗಿಸಿದರೆ ಲಬ್ಧ 1, ಶೇಷ 2. 15ನ್ನು 2ರಿಂದ ಭಾಗಿಸಿದರೆ ಲಬ್ಧ 7, ಶೇಷ 1. ಶೇಷ ಒಂದಾದೊಡನೆ ನಿಲ್ಲಿಸಿ, ಲಬ್ಧಗಳನ್ನು ಒಂದರ ಕೆಳಗೊಂದು ಬರೆಯಬೇಕು. ಅವುಗಳ ಕೆಳಗೆ ಕ್ಷೇಪ, ಅದರ ಕೆಳಗೆ ಸೊನ್ನೆ. ಮೇಲಿನಿಂದ 1, 7, 5, 0. ಬಳ್ಳಿಯಂತೆ ಇಳಿದಿರುವುದರಿಂದ ಇದಕ್ಕೆ ವಲ್ಲಿಯೆಂದು ಹೆಸರು. ಈಗ ಬುಡದಿಂದ ಮೇಲಕ್ಕೆ ಏರಬೇಕು. ಕೊನೆಯದಕ್ಕಿಂತ ಒಂದು ಮೇಲಿರುವ 5ರಿಂದ ಅದರ ಮೇಲಿನ 7ನ್ನು ಗುಣಿಸಿ ಕೊನೆಯ 0ಯನ್ನು ಕೂಡಿಸಿದರೆ 35. ಆ 35ರಿಂದ ಮೇಲಿನ 1ನ್ನು ಗುಣಿಸಿ 5ನ್ನು ಕೂಡಿಸಿದರೆ 40. ತುದಿಯಲ್ಲಿ ಉಳಿದ ಎರಡು ಸಂಖ್ಯೆಗಳು 40 ಮತ್ತು 35. 40ನ್ನು 17ರಿಂದ ಭಾಗಿಸಿದ ಶೇಷ 6, ಇದು ಲಬ್ಧಿ. 35ನ್ನು 15ರಿಂದ ಭಾಗಿಸಿದ ಶೇಷ 5, ಇದು ಗುಣಕ. ತಾಳೆ ನೋಡೋಣ: 221ನ್ನು 5ರಿಂದ ಗುಣಿಸಿದರೆ 1105, 65 ಕೂಡಿಸಿದರೆ 1170, ಅದು 195ರ ಆರರಷ್ಟು. ಗುಣಕಕ್ಕೆ 15, ಲಬ್ಧಿಗೆ 17 ಸೇರಿಸುತ್ತ ಹೋದರೆ 20 ಮತ್ತು 23, 35 ಮತ್ತು 40, ಹೀಗೆ ಕೊನೆಯಿಲ್ಲದ ಉತ್ತರಗಳು. ಲಬ್ಧಗಳ ಎಣಿಕೆ ಸಮವಾಗಿದ್ದರೆ ಇದು ಹೀಗೆ. ಬೆಸವಾಗಿದ್ದರೆ ಬಂದ ಉತ್ತರಗಳನ್ನು ದೃಢ ಹಾರಭಾಜ್ಯಗಳಿಂದ ಕಳೆದುಕೊಳ್ಳಬೇಕೆಂಬ ಸೂಕ್ಷ್ಮವನ್ನೂ ಭಾಸ್ಕರರು ಬಿಟ್ಟಿಲ್ಲ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಮಾತು ಬೇರೆಯದು. ಭಾಜ್ಯಹಾರಗಳನ್ನು ಭಾಗಿಸುವ ಅಪವರ್ತನ ಕ್ಷೇಪವನ್ನೂ ಭಾಗಿಸದಿದ್ದರೆ ಏನು ಮಾಡಬೇಕು? 65ರ ಬದಲು 60ನ್ನು ಕೂಡಿಸಬೇಕೆಂದು ಕೇಳಿದರೆ? 221ರ ಯಾವ ಗುಣಿತವಾದರೂ 13ರ ಗುಣಿತವೇ, 195ರದೂ ಹಾಗೆಯೇ, 60 ಮಾತ್ರ 13ಕ್ಕೆ ಒಗ್ಗದು. ಎಷ್ಟು ತಿಣುಕಿದರೂ ಉತ್ತರ ಬಾರದು. ಇಂಥ ಕಡೆ ಪ್ರಶ್ನೆಯೇ ದುಷ್ಟವೆಂದು ಭಾಸ್ಕರರು ಹೇಳಿಬಿಡುತ್ತಾರೆ. ಪರೀಕ್ಷೆಯಲ್ಲಿ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಇದ್ದೇ ಇರಬೇಕೆಂದು ನಂಬಿಸಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಉಪಾಧ್ಯಾಯರು ಇಲ್ಲಿ ಕೊಂಚ ನಿಂತು ಯೋಚಿಸಬೇಕು. ಉತ್ತರವಿಲ್ಲವೆಂದು ಹೇಳುವುದಕ್ಕೂ ಒಂದು ಉಪಪತ್ತಿ ಬೇಕು. ಆ ಉಪಪತ್ತಿಯನ್ನು ಕೊಡುವುದು ಈ ಸಣ್ಣ ಅಪವರ್ತನವೇ.

ಇಷ್ಟೆಲ್ಲ ಶ್ರಮ ಬರಿಯ ವಿನೋದಕ್ಕಾಗಿ ಅಲ್ಲ. ಕುಟ್ಟಕದ ನಿಜವಾದ ಕ್ಷೇತ್ರ ಗ್ರಹಗಣಿತ. ಕಲ್ಪವೊಂದರಲ್ಲಿ ಸೂರ್ಯನ ಭಗಣಗಳು, ಎಂದರೆ ಸುತ್ತುಗಳು, 4,32,00,00,000, ದಿನಗಳು 15,77,91,64,50,000. ಬ್ರಹ್ಮಗುಪ್ತರನ್ನು ಅನುಸರಿಸಿ ಭಾಸ್ಕರರು ಹಿಡಿದ ಸಂಖ್ಯೆಗಳಿವು. ಸೂರ್ಯನು ಒಂದು ಸುತ್ತಿನ ಯಾವ ಭಾಗದಲ್ಲಿದ್ದಾನೆಂಬುದನ್ನು ಶೇಷದವರೆಗೂ ಸೂಕ್ಷ್ಮವಾಗಿ ಕೊಟ್ಟು, ಕಲ್ಪಾದಿಯಿಂದ ಎಷ್ಟು ದಿನ ಕಳೆದಿವೆಯೆಂದು ಕೇಳಿದರೆ ಅದು ಕುಟ್ಟಕದ ಪ್ರಶ್ನೆಯಾಗುತ್ತದೆ. ಈ ಬೃಹತ್ ಸಂಖ್ಯೆಗಳನ್ನು ಹಾಗೆಯೇ ಇಟ್ಟುಕೊಂಡು ಪಾಟಿಯ ಮೇಲೆ ಲೆಕ್ಕಮಾಡುವುದು ಎಂಥವರಿಗೂ ಪ್ರಯಾಸ. ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ತಾವೇ ಮಾಡಿ ನೋಡಲಿ. ಎರಡರ ಕೊನೆಯಿಂದಲೂ ನಾಲ್ಕು ಸೊನ್ನೆಗಳನ್ನು ಹೊಡೆದುಹಾಕಿದರೆ 4,32,000 ಮತ್ತು 15,77,91,645 ಉಳಿಯುತ್ತವೆ. ಪರಸ್ಪರ ಭಾಗಿಸುತ್ತ ಹೋದರೆ ಶೇಷಗಳು ಕ್ರಮವಾಗಿ 1,11,645, 97,065, 14,580, 9,585, 4,995, 4,590, 405, 135, ಆಮೇಲೆ ಸೊನ್ನೆ. ಒಂಬತ್ತೇ ಭಾಗಾಕಾರಗಳಲ್ಲಿ 135 ದೊರೆಯಿತು; ಬಿಟ್ಟ ಹತ್ತು ಸಾವಿರವನ್ನೂ ಸೇರಿಸಿದರೆ ಅಪವರ್ತನ 13,50,000. ಅದರಿಂದ ಭಾಗಿಸಿದರೆ ಭಗಣಗಳು 3,200, ದಿನಗಳು 11,68,827. ಕೋಟಿ ಕೋಟಿಗಳ ಕಲ್ಪವು ಮೂರು ಸಾವಿರದ ಇನ್ನೂರು ವರ್ಷಗಳ ಒಂದು ಚಿಕ್ಕ ಚಕ್ರವಾಗಿ ಅಂಗೈಗೆ ಬಂದಿತು. ದಿನಗಳನ್ನು ಭಗಣಗಳಿಂದ ಭಾಗಿಸಿದರೆ ಬರುವ ವರ್ಷಮಾನ 365.2584375 ದಿನಗಳೆಂಬುದು ಎರಡರಲ್ಲಿಯೂ ಒಂದೇ. ಒಂದು ಕಣವೂ ಕಳೆದುಹೋಗಲಿಲ್ಲ.

ಪರಸ್ಪರ ಭಾಗಾಹಾರ ಎಷ್ಟು ಬೇಗ ಮುಗಿಯುತ್ತದೆಂಬುದನ್ನು 1844ರಲ್ಲಿ ಫ್ರಾನ್ಸಿನ ಲಾಮೆ ಎಂಬ ಗಣಿತಜ್ಞನು ಸಾಧಿಸಿದನು. ಚಿಕ್ಕ ಸಂಖ್ಯೆಯಲ್ಲಿ ಎಷ್ಟು ಅಂಕಗಳಿವೆಯೋ ಅದರ ಐದರಷ್ಟಕ್ಕಿಂತ ಹೆಚ್ಚು ಭಾಗಾಕಾರಗಳು ಎಂದೂ ಬೇಕಾಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಚಿಕ್ಕದಕ್ಕೆ ಆರು ಅಂಕ. ಮೂವತ್ತರವರೆಗೂ ಹೋಗಬಹುದಾಗಿದ್ದುದು ಒಂಬತ್ತಕ್ಕೇ ನಿಂತಿತು. ಗಣಕಯಂತ್ರಗಳ ಈ ಕಾಲದಲ್ಲಿಯೂ, 1977ರಲ್ಲಿ ರೂಪುಗೊಂಡ ಆರ್.ಎಸ್.ಎ. ಎಂಬ ಗುಪ್ತಲಿಪಿಯಲ್ಲಿ ರಹಸ್ಯದ ಕೀಲಿಕೈಯನ್ನು ಕಂಡುಹಿಡಿಯುವುದಕ್ಕೆ ಲಬ್ಧಗಳನ್ನು ಎತ್ತಿಟ್ಟುಕೊಳ್ಳುವ ಇದೇ ಬಗೆಯ ಗಣಿತ ಬಳಕೆಯಾಗುತ್ತದೆ.

ಭಾಸ್ಕರರ ಚಕ್ರವಾಲವನ್ನು ಇಲ್ಲಿ ವಿವರಿಸಲು ಸ್ಥಳವಿಲ್ಲ. ಅದರ ಪ್ರತಿಯೊಂದು ಸುತ್ತಿನಲ್ಲಿಯೂ ಕುಟ್ಟಕವೇ ದುಡಿಯುತ್ತದೆ. ಒಂದು ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಮತ್ತೊಂದು ವರ್ಗವಾಗಬೇಕೆಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ 22,61,53,980 ಮತ್ತು 1,76,63,19,049. ಇದೇ 61ನ್ನು ಫ್ರಾನ್ಸಿನ ಫರ್ಮಾ ಎಂಬ ಗಣಿತಜ್ಞನು 1657ರಲ್ಲಿ ಸವಾಲಾಗಿ ಎಸೆದಾಗ ಭಾರತದಲ್ಲಿ ಅದರ ಉತ್ತರ ಐನೂರು ವರ್ಷ ಹಳೆಯದಾಗಿತ್ತು.

ಸಿದ್ಧಾಂತಶಿರೋಮಣಿಗೆ ಭಾಸ್ಕರರು ವಾಸನಾಭಾಷ್ಯವೆಂಬ ವ್ಯಾಖ್ಯಾನವನ್ನು ತಾವೇ ಬರೆದರು. ಅವರು ಉಜ್ಜಯಿನಿಯ ವೇಧಶಾಲೆಯ ಮುಖ್ಯಸ್ಥರಾಗಿದ್ದರೆಂದು ಅನೇಕ ಪುಸ್ತಕಗಳಲ್ಲಿ ಕಾಣುವುದುಂಟು. ವಂಶದ ಶಾಸನ ಮಾತ್ರ ಆ ಮಾತನ್ನು ಹೇಳುವುದಿಲ್ಲ. 1183ರಲ್ಲಿ, ಅರವತ್ತೊಂಬತ್ತರ ವೃದ್ಧಾಪ್ಯದಲ್ಲಿ, ಅವರು ಕರಣಕುತೂಹಲವೆಂಬ ಗ್ರಂಥವನ್ನು ರಚಿಸಿದರು. ಪಂಚಾಂಗ ಕಟ್ಟುವವರಿಗೆ ಕೈಪಿಡಿಯಾಗಿ, ದೊಡ್ಡ ಸಂಖ್ಯೆಗಳ ಭಾರವನ್ನು ಇಳಿಸಿ ಬರೆದ ಗ್ರಂಥವದು. ಅವರ ಬಾಳಿನ ಕೊನೆಯ ತೇದಿಯಾಗಿ ನಮಗೆ ಉಳಿದಿರುವುದು ಇದೇ ವರ್ಷ.

ಅವರ ಬಳಿಕ ಲೀಲಾವತಿ ದೇಶದ ಪಾಠಶಾಲೆಗಳನ್ನೆಲ್ಲ ಆಳಿತು. 1545ರಲ್ಲಿ ಗಣೇಶ ದೈವಜ್ಞರು ಬುದ್ಧಿವಿಲಾಸಿನಿಯೆಂಬ ಟೀಕೆಯನ್ನು ಬರೆದು ಉಪಪತ್ತಿಗಳನ್ನು ಬಿಡಿಸಿಟ್ಟರು. ಫೈಜಿಯ ಲೀಲಾವತಿಯ ತರುವಾಯ, 1634ರಲ್ಲಿ ಷಹಜಹಾನನ ಕಾಲದಲ್ಲಿ, ಬೀಜಗಣಿತವೂ ಪಾರಸಿಗೆ ಹೋಯಿತು. 1817ರಲ್ಲಿ ಕೋಲ್‌ಬ್ರೂಕನು ಎರಡನ್ನೂ ಸಂಸ್ಕೃತದಿಂದ ಆಂಗ್ಲಭಾಷೆಗೆ ತಿರುಗಿಸಿದನು.

ಆದರೆ ಗ್ರಂಥ ತಾನಾಗಿ ಉಳಿಯುವುದಿಲ್ಲ. ಓದಿಸುವವರು ಬೇಕು, ಓದುವವರಿಗೆ ಅನ್ನ ಬೇಕು. ಪಾಟಣದ ಶಾಸನ ಹೇಳುವ ಕಥೆ ಇದೇ. ಮುಂಬಯಿಯ ವಿದ್ವಾಂಸ ಭಾವು ದಾಜಿ ಇದನ್ನು ಬೆಳಕಿಗೆ ತಂದು 1865ರಲ್ಲಿ ಪ್ರಕಟಿಸಿದರು. ಅದರಲ್ಲಿ ತ್ರಿವಿಕ್ರಮನಿಂದ ಮೊದಲಾಗಿ ಭಾಸ್ಕರರ ವಂಶಾವಳಿ ಇದೆ. ಪೂರ್ವಿಕರಲ್ಲೊಬ್ಬರಿಗೆ ಭೋಜರಾಜನು ವಿದ್ಯಾಪತಿಯೆಂಬ ಬಿರುದು ಕೊಟ್ಟನೆಂದೂ ಇದೆ. ಭಾಸ್ಕರರ ಮಗ ಲಕ್ಷ್ಮೀಧರರನ್ನು ಸೇವುಣರ ಜೈತ್ರಪಾಲನು ಆ ಪುರದಿಂದ ಕರೆಯಿಸಿಕೊಂಡು ತನ್ನ ಪಂಡಿತರಿಗೆ ಅಗ್ರೇಸರನನ್ನಾಗಿ ಮಾಡಿದನು. ಲಕ್ಷ್ಮೀಧರರ ಮಗ ಚಂಗದೇವರು ಸಿಂಘಣನ ಆಸ್ಥಾನದ ಮುಖ್ಯ ದೈವಜ್ಞರಾದರು. ತಾತನ ಗ್ರಂಥಗಳು ತಮ್ಮ ಮನೆತನದ ಸ್ವತ್ತಾಗಿ ಪೆಟ್ಟಿಗೆಯಲ್ಲಿ ಉಳಿದರೆ ಸಾಕೆಂದು ಚಂಗದೇವರು ಭಾವಿಸಲಿಲ್ಲ. ಸಿದ್ಧಾಂತಶಿರೋಮಣಿಯೇ ಮೊದಲಾದ ಭಾಸ್ಕರರ ಶಾಸ್ತ್ರಗಳನ್ನೂ, ವಂಶದ ಇತರರು ರಚಿಸಿದ ಶಾಸ್ತ್ರಗಳನ್ನೂ ತಪ್ಪದೆ ಪಾಠ ಹೇಳುವುದಕ್ಕಾಗಿ ಒಂದು ಮಠವನ್ನು ಕಟ್ಟಿಸಿದರು. ಗಣಿತವನ್ನು ಕಲಿಸುವುದಕ್ಕೆಂದೇ ಹುಟ್ಟಿದ ಮಠ!

ಆ ಮಠಕ್ಕೆ ಅಲ್ಲಿನ ಮಾಂಡಲಿಕನಾದ ನಿಕುಂಭ ವಂಶದ ಸೋಯಿದೇವನು 1207ರಲ್ಲಿ, ಶ್ರಾವಣದ ಹುಣ್ಣಿಮೆಯ ಚಂದ್ರಗ್ರಹಣದ ಸಮಯದಲ್ಲಿ, ದಾನಗಳನ್ನು ಬಿಟ್ಟನು. ಗ್ರಹಣಗಳ ಗಣಿತವನ್ನು ಕಲಿಸುವ ಮಠಕ್ಕೆ ಗ್ರಹಣಕಾಲದ ದಾನ! ಶಾಸನದ ಮೊದಲ ಭಾಗವೆಲ್ಲ ಪ್ರೌಢ ಸಂಸ್ಕೃತ ಶ್ಲೋಕಗಳಲ್ಲಿದೆ. ದಾನದ ವಿವರ ಬಂದಾಗ ಭಾಷೆ ಇಳಿದು ಜನರಾಡುವ ಹಳೆಯ ಮರಾಠಿಯಾಗುತ್ತದೆ. ಕೊಡಬೇಕಾದವರು ಅಂಗಡಿಯವರೂ ಗಾಣಿಗರೂ ಆದುದರಿಂದ ಅವರಿಗೆ ತಿಳಿಯುವ ಹಾಗೆಯೇ ಬರೆಯಬೇಕಾಗಿತ್ತು. ಆ ಪಟ್ಟಣದಲ್ಲಿ ಮಾರಾಟಕ್ಕೆ ಬಿಚ್ಚಿದ ಸರಕಿನ ಮೇಲೆ ಕೊಳ್ಳುವವರಿಂದ ಅರಸನಿಗೆ ಸಲ್ಲುತ್ತಿದ್ದ ಸುಂಕ ಇನ್ನು ಮುಂದೆ ಮಠಕ್ಕೆ. ಊರಿನಲ್ಲಿ ತಿರುಗುವ ಗಾಣಗಳು ಎಷ್ಟಿವೆಯೋ ಅಷ್ಟಕ್ಕೂ, ಗಾಣಕ್ಕೊಂದು ಸೌಟಿನಂತೆ, ಎಣ್ಣೆ.